ಸಾಬಣ್ಣ ಇಟ್ಟ ಕೇಪು

ಏನೇನು ಆಗಬಹುದಿತ್ತು ನೋಡಿ. ಸಿಂದಗಿಯಿಂದ ಹೊರಟ ಬಸ್ಸು ಯಾವುದಾದರೂ ತಗ್ಗಿನಲ್ಲಿ ಎಗರಿ, ನನ್ನ ಅಂಗಿಯ ಜೇಬಿನಲ್ಲಿದ್ದ ಮುಲಾಮಿನ ಡಬ್ಬಿಯೊಳಗಿನ ಕೇಪು ಸಿಡಿದು, ಎದೆಗೆ ತೂತು ಬೀಳಬಹುದಿತ್ತು. ಸಿಡಿಯದಿದ್ದರೂ ಡಬ್ಬಿ ಕೆಳಗೆ ಬಿದ್ದು ಬಾಯಿ ತೆರೆದು, ಪಕ್ಕದಲ್ಲಿ ಕುಳಿತವರು ರಿಟೈರ್ಡ್ ಪೊಲೀಸರೇ ಆಗಿದ್ದು, "ಏನ್ರೀ ಇದು?" ಎಂದು ಕೇಳಬಹುದಿತ್ತು. ಹೂವಿನ ಹಿಪ್ಪರಗಿ ಬರುವುದರೊಳಗೆ ನನ್ನ ಧೈರ್ಯ ಕೈಕೊಟ್ಟು, ಅಲ್ಲೇ ಇಳಿದು ತಿರುಗಿ ಸಿಂದಗಿಯ ಬಸ್ಸು ಹತ್ತಬಹುದಿತ್ತು. ಊರು ಮುಟ್ಟಿದೆನೆಂದೇ ಇಟ್ಟುಕೊಳ್ಳಿ, ನನ್ನ ಮಾತು ಕೇಳಿ ಮಾಮಾನಿಗೆ ಬಿ.ಪಿ. ಏರಬಹುದಿತ್ತು. ಸಾಬಣ್ಣ ಕೈಯಲ್ಲಿದ್ದ ಕುಡಗೋಲು ಕೆಳಗಿಡದೆಯೇ ನನ್ನ ಮಾತು ಕೇಳಬಹುದಿತ್ತು. ಇಬ್ಬರೂ ಸೇರಿ ನನ್ನನ್ನು... ಇಲ್ಲ, ಇಬ್ಬರೂ ಸೇರಿ ಏನೂ ಮಾಡುವಂತಿರಲಿಲ್ಲ. ನನಗೆ ತಿಳಿದಂತೆ ಅವರಿಬ್ಬರೂ ಒಂದು ಕಡೆ ಸೇರಿ ಹದಿನಾರು ವರ್ಷವಾಗಿತ್ತು. ಅದಕ್ಕೆ ಕಾರಣ ನನ್ನ ಜೇಬಿನಲ್ಲಿತ್ತು.

ಕೇಪು ಎಂದರೆ ತಾಮ್ರದ್ದು. ಕಡಲೆಕಾಳಿಗಿಂತ ಸಣ್ಣದು, ಇಲಿಗೆ ಹೊಲಿಸಿದ ಟೊಪ್ಪಿಗೆಯಂಥದ್ದು. ನಾಡಬಂದೂಕಿನ ನಳಿಗೆಯ ಬಾಯಿಂದ ಮದ್ದು, ನಾರು, ಗುಂಡು ಹಾಕಿ ಕಬ್ಬಿಣದ ಸರಳಿನಿಂದ ಜಡಿದ ಮೇಲೆ, ಹಿಂದಿನ ತುದಿಗೆ ಈ ಟೊಪ್ಪಿಗೆ ತೊಡಿಸಬೇಕು. ಕುದುರೆ ಎಂಬ ಸಣ್ಣ ಸುತ್ತಿಗೆ ಬಂದು ಇದಕ್ಕೆ ಬಡಿದರೆ ಕಿಡಿ, ಕಿಡಿಗೆ ಮದ್ದು, ಮದ್ದಿಗೆ ಗುಂಡು. ಇದೊಂದು ಇಲ್ಲದಿದ್ದರೆ ಬಂದೂಕಿಗೂ ಒನಕೆಗೂ ಏನೂ ಫರಕಿಲ್ಲ. ಹೋದ ವಾರ ಕಪಾಟು ಝಾಡಿಸುವಾಗ ನನ್ನ ಹೆಂಡತಿಗೆ ಆ ಡಬ್ಬಿ ಸಿಕ್ಕಿತು. "ಇದ್ಯಾವ ಪೆನ್ನಿನ ಟೊಪ್ಪಿಗಿರಿ?" ಎಂದು ಕೇಳಿದಳು. "ಯಾವುದೋ ಹಳೇದು" ಎಂದೆ. ಗ್ಯಾಸು ಬಂದ್ ಆಗಿದೆಯೇ ಎಂದು ದಿನಕ್ಕೆ ಮೂರು ಸಲ ನೋಡುವ, ಬೀಗ ಹಾಕಿ ಓಣಿಯ ತುದಿಯಿಂದ ತಿರುಗಿ ಬಂದು ಜಗ್ಗಿ ನೋಡುವ ನನ್ನಂಥ ಮನುಷ್ಯ ಸುಳ್ಳನ್ನು ಮಾತ್ರ ಇಷ್ಟು ಸಲೀಸಾಗಿ ಹೇಳಿದ್ದು ಕಂಡು ನನಗೇ ಹೆದರಿಕೆಯಾಯಿತು.

ಮಾಮಾ ಅಂದರೆ ನಮ್ಮವ್ವನ ಅಣ್ಣ. ಊರು ಗೊಳಸಂಗಿಯ ಮಗ್ಗುಲಿಗೆ. ಅವರ ಕಡೆ ಕಾಲುವೆ ಬಂದ ಮೇಲೆ ಕಬ್ಬು ಬಂತು, ಕಬ್ಬಿನ ಬೆನ್ನಿಗೆ ಹಂದಿ ಬಂದವು. ಒಂದು ಹಿಂಡು ಶೇಂಗಾದ ಹೊಲಕ್ಕೆ ನುಗ್ಗಿತೆಂದರೆ, ಬೆಳಗಿಗೆ ಹೋಗಿ ನೋಡಿದವರಿಗೆ ಯಾರೋ ನೇಗಿಲು ಹೊಡೆದು ಹೋದಂತೆ ಕಾಣುತ್ತಿತ್ತು. ಕಬ್ಬು ಕಡಿಯುತ್ತ ಬಂದಂತೆ ಹಂದಿಗಳು ಉಳಿದ ಕಬ್ಬಿನೊಳಗೇ ಸರಿಯುತ್ತ ಹೋಗುತ್ತವೆ. ಕಡೆಗೊಂದು ತುಂಡು ಉಳಿದ ದಿನ ಹೊಲದವರು ಮಾಮಾನ ಮನೆಗೆ ಬರುತ್ತಿದ್ದರು. ಮಾಮಾನ ಹತ್ತಿರ ಅಜ್ಜನ ಕಾಲದ ಬಂದೂಕಿತ್ತು, ಬೆಳೆ ಕಾಯುವ ಪರವಾನಗಿ ಇತ್ತು.

ಮತ್ತು ಸಾಬಣ್ಣ ಇದ್ದರು. ಹೊಲದ ಬದುವಿನ ಆಚೆ ಸಾಬಣ್ಣ, ಈಚೆ ಮಾಮಾ. ಕನ್ನಡ ಸಾಲಿಯಲ್ಲಿ ಒಂದೇ ಪಾಟಿಯ ಮೇಲೆ ಬರೆದವರು. ಆ ಬಂದೂಕಿಗೆ ಅಜ್ಜ ಒಂದು ಕಟ್ಟಳೆ ಮಾಡಿಟ್ಟಿದ್ದರು: ಮದ್ದು ತುಂಬಿದವನು ಕೇಪು ಇಡಬಾರದು. ತುಂಬುವವನು ಒಬ್ಬ, ಕೇಪು ಇಡುವವನು ಇನ್ನೊಬ್ಬ, ಅದೂ ಮನೆಯವನಲ್ಲದ ಇನ್ನೊಬ್ಬ. "ಒಬ್ಬನ ಸಿಟ್ಟಿಗೆ ಬಂದೂಕು ಪೂರಾ ಆಗಬಾರದು" ಎನ್ನುತ್ತಿದ್ದರಂತೆ. ಮಾಮಾನ ಕಾಲಕ್ಕೆ ಕೇಪಿನ ಡಬ್ಬಿ ಸಾಬಣ್ಣನವರ ಉಡಿಯಲ್ಲಿತ್ತು. ಅವರು ಇಟ್ಟ ಮೇಲೆ ಮಾಮಾ ಒಮ್ಮೆಯೂ ಬಗ್ಗಿ ನೋಡುತ್ತಿರಲಿಲ್ಲ. ನೋಡಿದರೆ ಅವಮಾನ. ಉಂಡ ಮನೆಯಲ್ಲಿ ತಾಟು ತೊಳೆದಿದ್ದೀರೇನು ಎಂದು ಕೇಳಿದ ಹಾಗೆ.

ನೋಡದೆ ಇರುವುದು ನನ್ನ ಕೈಲಾಗದ ಕೆಲಸ ಎಂಬುದು ನಿಮಗೆ ಈಗಾಗಲೇ ತಿಳಿದಿರಬೇಕು.

ಹದಿನಾರು ವರ್ಷದ ಹಿಂದೆ ಸಾಲಿಯ ಸೂಟಿಗೆಂದು ಮಾಮಾನ ಊರಿಗೆ ಹೋಗಿದ್ದೆ. ನನಗಾಗ ಮೂವತ್ತೈದರ ಹತ್ತಿರ ವಯಸ್ಸು, ಸಾಲಿ ಮಾಸ್ತರ, ಬೇಟೆ ನೋಡಿದವನಲ್ಲ. ಹೊಲದ ದಾರಿಯುದ್ದಕ್ಕೂ ಮಾಮಾನನ್ನು ಕೇಳುತ್ತಲೇ ನಡೆದೆ: ಅರಣ್ಯದವರ ಕಾಗದ ಇದೆಯೋ ಇಲ್ಲವೋ, ನಳಿಗೆ ಸೀಳುವುದಿಲ್ಲವಷ್ಟೇ, ಕಬ್ಬು ಕಡಿಯುವ ಹೆಂಗಸರು ಯಾವ ಕಡೆ ನಿಲ್ಲುತ್ತಾರೆ.

"ಐತೋ ಅಳ್ಯಾ, ಕಾಗದ ಐತಿ," ಎಂದರು ಮಾಮಾ. "ನಿನ್ನ ನೋಡಿದ್ರ ಹಂದಿನ ಅಂಜಿ ಕಾಗದ ಕೇಳ್ತೈತಿ."

ಹಿಂದೆ ಬರುತ್ತಿದ್ದ ಸಾಬಣ್ಣ ನಕ್ಕರು. "ಇರ್ಲಿ ಬಿಡಣ್ಣ, ಮಾಸ್ತರಂದ್ರ ತಪ್ಪು ಹುಡುಕಾಕ ಪಗಾರ ತಗೊಳ್ಳಾವ. ತಮ್ಮಾ, ನನ್ನ ಹಿಂದ ನಿಂದರು. ಹಂದಿ ಮೊದಲ ನನ್ನ ತಿಂತೈತಿ, ಅಷ್ಟೊತ್ತಿಗೆ ಅದಕ್ಕ ಹೊಟ್ಟಿ ತುಂಬಿರ್ತೈತಿ."

ಬಿಸಿಲು ಏರುತ್ತಿತ್ತು. ಬದುವಿನ ಮೇಲೊಂದು ಜಾಲಿಗಿಡ. ಮಾಮಾ ಮದ್ದು ಅಳೆದು ಹಾಕಿ ಜಡಿದರು. ಸಾಬಣ್ಣ ಉಡಿಯಿಂದ ಡಬ್ಬಿ ತೆಗೆದು, ಎರಡು ಬೆರಳಿನಲ್ಲಿ ಕೇಪು ಹಿಡಿದು, ಕಣ್ಣಿಗೆ ಒತ್ತಿಕೊಂಡು ತೊಡಿಸಿದರು. ನಾನು ಕಣ್ಣಾರೆ ನೋಡಿದೆ. ಆಮೇಲೆ ಅವರು ತಾಟು ಬಡಿದು ಹಂದಿ ಎಬ್ಬಿಸುವವರ ಜೊತೆ ಆಚೆ ದಿಕ್ಕಿಗೆ ಹೋದರು. ಮಾಮಾ ಬಂದೂಕು ಗಿಡಕ್ಕೆ ಆನಿಸಿ, "ಇಲ್ಲೇ ನಿಂದರು, ಬಂದೆ" ಎಂದು ನೀರಡಿಕೆಯಾಗಿ ನೀರಿನ ಕೊಡದ ಹತ್ತಿರ ಸರಿದರು.

ಬಂದೂಕೂ ನಾನೂ ಇಬ್ಬರೇ ಉಳಿದೆವು. ಅದರ ಬಾಯಿ ನನ್ನ ಗದ್ದದ ಕಡೆಗೇ ಇದೆ ಎಂದು ನನಗನ್ನಿಸಿತು. ನಾನು ಆ ಕಡೆ ಸರಿದು ನಿಂತರೆ ಅಲ್ಲೂ ನನ್ನ ಕಡೆಗೇ ತಿರುಗಿದಂತೆ ಕಂಡಿತು. ಗಾಳಿ ಬಂದು ಅದು ಜಾರಿದರೆ? ಜಾರಿ ಕುದುರೆ ಕಲ್ಲಿಗೆ ಬಡಿದರೆ? ಮಾಮಾ ಬರುವ ತನಕ ಅಷ್ಟೇ ಎಂದುಕೊಂಡು, ಕುದುರೆಯನ್ನು ಹೆಬ್ಬೆರಳಿನಿಂದ ಎತ್ತಿ, ಕೇಪು ಕಿತ್ತು ಜೇಬಿಗೆ ಹಾಕಿದೆ. ಮಾಮಾ ಬಂದ ಕೂಡಲೇ ಕೈಗೆ ಕೊಟ್ಟು ಹೇಳುವುದೆಂದು ಮಾತನ್ನೂ ಜೋಡಿಸಿಟ್ಟುಕೊಂಡಿದ್ದೆ.

ಅಷ್ಟರಲ್ಲಿ ಆಚೆಯಿಂದ ತಾಟಿನ ಸದ್ದು ಎದ್ದಿತು. ಮಾಮಾ ಓಡಿ ಬಂದು ಬಂದೂಕು ಎತ್ತಿಕೊಂಡು ಮಂಡಿಯೂರಿದರು. "ಮಾಮಾ" ಎಂದೆ. ಅವರು ತಿರುಗದೆ, ಅಂಗೈ ಕೆಳಗೆ ಮಾಡಿ ಗಾಳಿಯನ್ನು ಎರಡು ಸಲ ಒತ್ತಿದರು. ಸುಮ್ಮನಿರು.

ಸುಮ್ಮನಾದೆ. ಹದಿನಾರು ವರ್ಷ ಸುಮ್ಮನಿದ್ದೆ.

ಹಂದಿ ಬಂದದ್ದು ನೇರ ನಮ್ಮ ಕಡೆಗೇ. ಟಕ್ ಎಂದಿತು ಕುದುರೆ. ಅಷ್ಟೇ. ಹಂದಿ ಮಾಮಾನನ್ನು ಭುಜದಿಂದ ದೂಡಿಕೊಂಡು, ಧೋತರದ ಒಂದು ಚೂರನ್ನೂ ಹರಿದುಕೊಂಡು ಹೋಯಿತು. ಮಾಮಾ ಪಕ್ಕದ ಕಾಲುವೆಯ ಕೆಸರಿನಲ್ಲಿ ಕುಳಿತಿದ್ದರು. ಆಚೆಯಿಂದ ಸಾಬಣ್ಣ ಓಡಿ ಬಂದರು, ಕಬ್ಬು ಕಡಿಯುವವರೂ ಓಡಿ ಬಂದು, ಏನೂ ಆಗಿಲ್ಲವೆಂದು ಕಂಡ ಮೇಲೆ ನಕ್ಕರು. ಆ ನಗೆ ನಿಲ್ಲುವ ತನಕ ಮಾಮಾ ಬಂದೂಕು ತಿರುಗಿಸಿ ನೋಡುತ್ತಿದ್ದರು.

"ಕೇಪು ಎಲ್ಲೈತಿ, ಸಾಬಣ್ಣ?"

"ಇಟ್ಟೇನಲ್ಲಣ್ಣ."

"ಇಟ್ಟಿದ್ರ ಗುಬ್ಬಿ ಕಚ್ಚಿಕೊಂಡು ಹೋತೇನು?"

"ನನ್ನ ಕೈಲೆ ಇಟ್ಟೇನಿ. ಕಣ್ಣಿಗೊತ್ತಿ ಇಟ್ಟೇನಿ."

"ನನ್ನ ಜೀವ ನಿನ್ನ ಕೈಯಾಗ ಕೊಟ್ಟಿದ್ದೆ," ಎಂದರು ಮಾಮಾ, ಎಲ್ಲರಿಗೂ ಕೇಳುವಂತೆ. "ಅದನ್ನೂ ಮರತಿ. ಮ್ಯಾಲ ಸುಳ್ಳು ಬ್ಯಾರೆ."

ಸಾಬಣ್ಣ ಉಡಿಯಿಂದ ಕೇಪಿನ ಡಬ್ಬಿ ತೆಗೆದು ಬದುವಿನ ಮೇಲಿಟ್ಟು, ಟಾವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೋದರು. ನಾನು ಜೇಬಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ, ಪ್ರಾರ್ಥನೆಗೆ ನಿಂತವನ ಹಾಗೆ. ಈಗ ಹೇಳಿದರೆ ಮಾಮಾ ಇನ್ನಷ್ಟು ನಗೆಪಾಟಲಾಗುತ್ತಾರೆ, ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ಮಾಮಾ ಊಟ ಮಾಡಲಿಲ್ಲ, ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಸೂಟಿ ಮುಗಿಯಿತು.

ಮುಂದಿನ ಎಲೆಕ್ಷನ್ನಿಗೆ ಬಂದೂಕಿದ್ದ ಎಲ್ಲರಂತೆ ಮಾಮಾನೂ ಬಂದೂಕನ್ನು ಠಾಣೆಗೆ ಒಪ್ಪಿಸಿದರು. ಎಲೆಕ್ಷನ್ ಮುಗಿದ ಮೇಲೆ ಎಲ್ಲರೂ ತಮ್ಮದನ್ನು ತಂದುಕೊಂಡರು, ಮಾಮಾ ತರಲಿಲ್ಲ. "ಕೇಪಿಡಾವ ಇಲ್ಲದ್ದು, ತಂದೇನ್ ಮಾಡ್ಲಿ?" ಎಂದರಂತೆ. ಬದುವಿನ ಎರಡೂ ಕಡೆ ಇಬ್ಬರೂ ಬಿತ್ತಿದರು, ರಾಶಿ ಮಾಡಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಹಂದಿ ಉಳಿಯಿತಲ್ಲ, ಅದರ ಪುಣ್ಯವಾದರೂ ನನ್ನ ಪಾಲಿಗೆ ಬಂದಿರಬಹುದು ಎಂದು ನನ್ನನ್ನು ನಾನೇ ಎಷ್ಟೋ ಸಲ ಸಮಾಧಾನ ಮಾಡಿಕೊಂಡೆ. ಮಾಮಾನ ಊರಿಗೆ ಹೋಗುವುದು ಕಡಿಮೆಯಾಯಿತು. ಕಳೆದೆರಡು ವರ್ಷವಂತೂ ಹೋಗೇ ಇರಲಿಲ್ಲ, ಅಲ್ಲಿಯ ಸುದ್ದಿಯನ್ನೂ ಕೇಳಿರಲಿಲ್ಲ.

ಹಾಗಾಗಿ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ಊರು ಮುಟ್ಟಿ, ಮಾಮಾನ ಮನೆಯ ಕಟ್ಟೆಯ ಮೇಲೆ ಇಬ್ಬರು ಮುದುಕರು ಒಂದೇ ಮೊರದಿಂದ ಶೇಂಗಾ ಸುಲಿಯುತ್ತ ಕುಳಿತದ್ದನ್ನು ಕಂಡಾಗ, ಮನೆ ತಪ್ಪಿದೆನೇನೋ ಎಂದು ಹೆಜ್ಜೆ ತಡೆದೆ.

"ಬಾ ಅಳ್ಯಾ, ಯಾಕ ಹಂಗ ನಿಂತಿ? ಸಾಬಣ್ಣನ ಗುರುತು ಹತ್ತಲಿಲ್ಲೇನು?" ಎಂದರು ಮಾಮಾ. "ಹ್ವಾದ ದಸರಿಗೆ ಬನ್ನಿ ಕೊಡಾಕ ತಾನ ಬಂದ ನೋಡು. ತಪ್ಪು ನಂದ ಅಂತ ಒಪ್ಪಿಕೊಂಡ. ನಾ ಏನ್ ಅನ್ಲಿ? ಬನ್ನಿ ತಗೊಂಡೆ."

ನಾನು ಕಟ್ಟೆಯ ಮೇಲೆ ಕುಳಿತೆ. ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಕೇಪನ್ನು ಮೊರದ ಅಂಚಿನಲ್ಲಿಟ್ಟೆ.

"ಕಾಕಾ, ನೀವು ಅವತ್ತು ಕೇಪು ಇಟ್ಟಿದ್ರಿ. ನಾ ತಗದೆ. ಅಂಜಿಕಿಗೆ ತಗದೆ."

ಸಾಬಣ್ಣ ನನ್ನ ಮುಖವನ್ನೂ ಕೇಪನ್ನೂ ನೋಡಿದರು. ಆಮೇಲೆ ಸಿಪ್ಪೆ ಹತ್ತಿದ ಕೈಯನ್ನು ನನ್ನ ಮಂಡಿಯ ಮೇಲಿಟ್ಟರು.

"ದೊಡ್ಡ ಮನಸಪಾ ತಮ್ಮಾ ನಿಂದು. ಆದ್ರ ನನ್ನ ತಪ್ಪು ನೀ ಹೊರಬ್ಯಾಡ. ಮೊದಮೊದಲ ನಾನೂ ಇಟ್ಟೇನಿ ಇಟ್ಟೇನಿ ಅಂತಿದ್ದೆ. ವರ್ಷಗಟ್ಲೆ ಕುಂತು ವಿಚಾರ ಮಾಡಿದೆ. ಈಗ ಚಂದ ನೆನಪೈತಿ. ಬೆರಳಾಗ ಹಿಡ್ದಿದ್ದೆ, ಅಷ್ಟರಾಗ ತಾಟು ಬಡ್ಯಾಕ ಕರದ್ರು. ಕೇಪು ಡಬ್ಬ್ಯಾಗ ಒಗದು ಹ್ವಾದೆ."

"ಇಲ್ಲ ಕಾಕಾ. ಕಣ್ಣಿಗೊತ್ತಿ ಇಟ್ರಿ. ನಾ ನೋಡೇನಿ."

"ಇಂಥಾ ಕೇಪು ಪ್ಯಾಟ್ಯಾಗ ಬೇಕಾದಷ್ಟು ಸಿಗ್ತಾವು," ಎಂದು ನಕ್ಕರು ಸಾಬಣ್ಣ. "ಮುದುಕನ ಸಮಾಧಾನಕ್ಕ ಇಷ್ಟು ದೂರ ಬಂದಿಯಲ್ಲ, ಅಷ್ಟ ಸಾಕು. ತಿನ್ನು, ಎಳೇ ಶೇಂಗಾ ಅದಾವ." ಹಾಗೆಂದು ಒಂದು ಹಿಡಿ ಕಾಳು ನನ್ನ ಅಂಗೈಗೆ ಸುರಿದರು.

ಆಣೆ ಮಾಡಬೇಕೆಂದು ಬಾಯಿ ತೆರೆದೆ. ಮಾಮಾ ಇಷ್ಟೊತ್ತೂ ಶೇಂಗಾದಿಂದ ಕಣ್ಣು ತೆಗೆದಿರಲಿಲ್ಲ. ಸುಲಿಯುವುದನ್ನು ನಿಲ್ಲಿಸಿದ್ದರು. ಅವರ ಕೈ ಮೊರದ ಅಂಚಿಗೆ ಹೋಯಿತು, ಕೇಪು ಅವರ ಮುಷ್ಟಿಯೊಳಗೆ ಹೋಯಿತು. ಇನ್ನೊಂದು ಕೈಯ ಅಂಗೈ ಕೆಳಗೆ ಮಾಡಿ, ಸಾಬಣ್ಣನಿಗೆ ಕಾಣದಂತೆ, ಗಾಳಿಯನ್ನು ಎರಡು ಸಲ ಒತ್ತಿದರು.

ತಿರುಗಿ ಬರುವಾಗ ಜೇಬಿನಲ್ಲಿ ಖಾಲಿ ಡಬ್ಬಿ ಇತ್ತು. ಕೇಪು ಸಿಡಿಯಲಿಲ್ಲ. ಪೊಲೀಸರು ಕೇಳಲಿಲ್ಲ, ಹೂವಿನ ಹಿಪ್ಪರಗಿಯಲ್ಲಿ ನಾನು ಇಳಿಯಲಿಲ್ಲ, ಯಾರ ಬಿ.ಪಿ.ಯೂ ಏರಲಿಲ್ಲ, ಕುಡಗೋಲು ಸೂರಿನಲ್ಲೇ ಸಿಕ್ಕಿಸಿದಂತಿತ್ತು. ಅಂದುಕೊಂಡ ಅನಾಹುತಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಒಂದೇ ಒಂದು, ಅದೂ ಸಣ್ಣದು. ಸಾಬಣ್ಣ ನನ್ನ ಮಾತು ನಂಬಲಿಲ್ಲ.