ದರ್ಜಿ ಕಟ್ಟಿದ ಕೆಂಪು ದಾರಗಳು

ನಮ್ಮ ಬೀದಿಯ ಕೊನೆಯಲ್ಲಿ ನಾಯಿಗಳ ಕೂದಲು ಕತ್ತರಿಸುವ ಅಂಗಡಿಯೊಂದಿದೆ. ಅದನ್ನು ನಡೆಸುವವರನ್ನು ಎಲ್ಲರೂ ಟೇಪಣ್ಣ ಎಂದೇ ಕರೆಯುತ್ತಾರೆ. ಅಳತೆಯ ಟೇಪು ಅವರ ಕೊರಳಿನಿಂದ ಇಳಿದದ್ದನ್ನು ಮೊದಲೆಲ್ಲ ಕಂಡವರಿರಲಿಲ್ಲ. ಸ್ನಾನಕ್ಕೆ ಹೋಗುವಾಗಲಾದರೂ ತೆಗೆಯುತ್ತಾರೋ ಇಲ್ಲವೋ ಎಂದು ಯಾರೋ ಕೇಳಿದಾಗ ಅವರ ಹೆಂಡತಿ, "ತೆಗೀತಾರೆ, ಬಚ್ಚಲ ಬಾಗಿಲು ಅಳೆದಾದ್ಮೇಲೆ" ಎಂದಿದ್ದರಂತೆ.

ಮೂವತ್ತನಾಲ್ಕು ವರ್ಷ ಅವರು ದರ್ಜಿಯಾಗಿದ್ದವರು. ಶಾಲೆಯ ಸಮವಸ್ತ್ರ, ಕೋಟು, ಹೆಂಗಸರ ರವಿಕೆ ಎಲ್ಲವನ್ನೂ ಹೊಲಿದಿದ್ದಾರೆ. ಸಿದ್ಧ ಉಡುಪಿನ ದೊಡ್ಡ ಮಳಿಗೆಗಳು ಬಂದ ಮೇಲೆ ಅವರ ಬಳಿ ಬರುವವರು ಜಿಪ್ ಹಾಕಿಸುವವರು, ಪ್ಯಾಂಟಿನ ಕಾಲು ಮಡಿಸಿಕೊಳ್ಳುವವರು ಮಾತ್ರ. ಹಾಗೆ ಕೈಕಟ್ಟಿ ಕುಳಿತಿದ್ದ ಒಂದು ಮಧ್ಯಾಹ್ನ, ಎದುರು ಮನೆಯ ನರ್ಸಮ್ಮ ತಮ್ಮ ನಾಯಿಯ ಹೊಟ್ಟೆಯಡಿಯ ಗಂಟುಗಳನ್ನು ಅಡುಗೆಮನೆಯ ಕತ್ತರಿಯಲ್ಲಿ ಎಳೆದಾಡುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಕೆಟ್ಟ ಕತ್ತರಿಯ ಸದ್ದು ಅವರಿಗೆ ಹಲ್ಲು ನೋವಿದ್ದಂತೆ. ರಸ್ತೆ ದಾಟಿ ಹೋಗಿ ಕತ್ತರಿ ಕಿತ್ತುಕೊಂಡರು. ಆ ನಾಯಿ ಅವರ ಮೊದಲ ಗಿರಾಕಿ. ಈಗಲೂ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಹಳೆಯ ಮೇಜೇ ಇದೆ. ಅದರ ಮೇಲೊಂದು ರಬ್ಬರ್ ಹಾಸು ಬಂದಿದೆ, ಅಷ್ಟೆ. ಬಟ್ಟೆ ತೊಟ್ಟು ನೋಡಲೆಂದು ಇದ್ದ ಪರದೆಯ ಮೂಲೆ ಈಗ ನಾಯಿಗಳ ಬಚ್ಚಲು, ಅಲ್ಲಿ ಹೆಂಡತಿಯದೇ ಆಡಳಿತ.

ನಾನು ಅಲ್ಲಿಗೆ ಹೋದದ್ದು ಚಿಂದಿಯ ಸಲುವಾಗಿ. ಚಿಂದಿ ನಮ್ಮ ಅತ್ತೆಯ ನಾಯಿ. ತೋಳಿನಲ್ಲಿ ಹಿಡಿಸುವಷ್ಟು ಗಾತ್ರ, ಯಾವ ಯಾವ ಜಾತಿ ಕೂಡಿ ಹುಟ್ಟಿತೋ ಹೇಳುವವರಿಲ್ಲ. ಬೂದು, ಕಂದು, ಬಿಳುಪು ಚೂರುಗಳನ್ನು ಜೋಡಿಸಿದಂತಿದ್ದ ಮರಿಗೆ ಅತ್ತೆಯೇ ಆ ಹೆಸರಿಟ್ಟರು. ಆಗ ಅವರಿಗೆ ಕಣ್ಣು ಕಾಣುತ್ತಿತ್ತು. ಈಗ ಎರಡು ವರ್ಷದಿಂದ ಬೆಳಕು ಕತ್ತಲೆಗಳ ವ್ಯತ್ಯಾಸ ಬಿಟ್ಟರೆ ಮತ್ತೇನೂ ತಿಳಿಯದು. ಬೆಳಗ್ಗೆ ಎದ್ದು ಮಂಚದ ಪಕ್ಕ ಕೈ ಇಳಿಬಿಟ್ಟರೆ ಅಲ್ಲಿ ಚಿಂದಿಯ ತಲೆ ಸಿಗಬೇಕು. ಅದು ಸಿಕ್ಕರೆ ಎದ್ದು ಓಡಾಡುತ್ತಾರೆ, ಮೆಟ್ಟಿಲಿಳಿಯುತ್ತಾರೆ, ನನ್ನ ಅಡುಗೆಯಲ್ಲಿ ತಪ್ಪು ಹುಡುಕುತ್ತಾರೆ.

ಒಂದು ವರ್ಷದ ಹಿಂದೆ, ಬೇರೆ ಕಡೆ ಒಯ್ದು ಚಿಂದಿಯ ಕೂದಲನ್ನು ಪೂರ್ತಿ ಬೋಳಿಸಿಕೊಂಡು ಬಂದಿದ್ದೆವು. ಸೆಕೆಗಾಲ, ಹಗುರವಾಗಲಿ ಎಂದು ನನ್ನ ಗಂಡನೇ ಹೇಳಿದ್ದು. ಅತ್ತೆ ಅದರ ಬೆನ್ನ ಮೇಲೆ ಕೈಯಿಟ್ಟು ಥಟ್ಟನೆ ಹಿಂತೆಗೆದರು. ಇದು ನಮ್ಮದಲ್ಲ, ನನಗೆ ಕಾಣಲ್ಲ ಅಂತ ಬದಲಾಯಿಸಿ ತಂದಿದ್ದೀರಿ ಎಂದರು. ಆಣೆ ಪ್ರಮಾಣ ಮಾಡಿದರೂ ನಂಬಲಿಲ್ಲ. ಕೂದಲು ಮತ್ತೆ ಬೆಳೆಯುವವರೆಗೆ ಮೂರು ತಿಂಗಳು ಅವರು ಕೋಣೆ ಬಿಟ್ಟು ಬಂದದ್ದು ಕಡಿಮೆ. ಚಿಂದಿ ಬಾಗಿಲ ಹೊರಗೆ ಮಲಗಿರುತ್ತಿತ್ತು. ಆಮೇಲೆ ಯಾರೂ ಕತ್ತರಿಯ ಹೆಸರೆತ್ತಲಿಲ್ಲ. ಕೂದಲು ಬೆಳೆಯಿತು, ಗಂಟುಕಟ್ಟಿತು, ಕೊನೆಗೆ ಗಂಟಿನಡಿಯ ಚರ್ಮ ಹುಣ್ಣಾಯಿತು. ಈ ವಾರವೇ ಕತ್ತರಿಸದಿದ್ದರೆ ಹುಣ್ಣು ಒಳಗಿಳಿಯುತ್ತದೆ ಎಂದು ಪಶುವೈದ್ಯೆ ಖಡಾಖಂಡಿತವಾಗಿ ಹೇಳಿದರು. ಕತ್ತರಿಸದಿದ್ದರೆ ನಾಯಿಗೆ ಕಷ್ಟ, ಕತ್ತರಿಸಿದರೆ ಅತ್ತೆಗೆ ನಾಯಿಯೇ ಇಲ್ಲ.

ನಾನು ಹುಟ್ಟಿ ಬೆಳೆದ ಊರಿನಲ್ಲಿ ನಾಯಿಗೆ ಕ್ಷೌರವೆಂದರೆ ಜನ ನಗುತ್ತಿದ್ದರು. ನಮ್ಮ ಮನೆಯಲ್ಲಿ ಕಾಲೇಜು ಮುಗಿಸಿದ ಮೊದಲಿಗಳು ನಾನು. ಗೊತ್ತಿಲ್ಲದ್ದನ್ನು ಬರೆದಿಟ್ಟುಕೊಂಡು ಕಲಿಯುವುದೊಂದೇ ನನಗೆ ತಿಳಿದ ದಾರಿ. ಹಾಗಾಗಿ ಮೂರು ಸಂಜೆ ಕುಳಿತು ಹನ್ನೊಂದು ಬಗೆಯ ಕಟಿಂಗುಗಳ ಚಿತ್ರ ಅಂಟಿಸಿ, ಪ್ರತಿಯೊಂದರ ಗುಣ ದೋಷ ಬರೆದು ನೋಟುಪುಸ್ತಕ ಸಿದ್ಧಮಾಡಿದೆ. ಗೊಂಬೆಯಂಥ ಮುಖದ್ದು, ಸಿಂಹದಂತೆ ಕುತ್ತಿಗೆ ಬಿಟ್ಟದ್ದು, ಕಾಲಿಗೆ ಗಂಬೂಟು ತೊಡಿಸಿದಂಥದ್ದು.

ಟೇಪಣ್ಣ ಕನ್ನಡಕ ಹಾಕಿಕೊಂಡು ಒಂದು ಪುಟವನ್ನೂ ಬಿಡದೆ ನೋಡಿದರು. ನಗಲಿಲ್ಲ. ಅಕ್ಷರ ಚೆನ್ನಾಗಿದೆ ಎಂದರು. ಆಮೇಲೆ ಪುಸ್ತಕ ಮಡಿಸಿಟ್ಟು ಚಿಂದಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಬಟ್ಟೆ ಅಂಗಡಿಯಲ್ಲಿ ಸೆರಗು ಹಿಡಿದು ನೋಡುವವರಂತೆ ಕೂದಲನ್ನು ಬೆರಳುಗಳ ನಡುವೆ ಉಜ್ಜಿದರು.

"ನೋಡಮ್ಮ, ನೀನು ಬರ್ಕೊಂಡು ಬಂದಿರೋದೆಲ್ಲ ಒಂದೇ ಥಾನಿನ ಬಟ್ಟೆಗೆ. ಇವಳ ಬೆನ್ನು ಕಂಬಳಿ, ಕಾಲು ರೇಷ್ಮೆ, ಕಿವಿ ಹತ್ತಿ. ಮೂರಕ್ಕೂ ಒಂದೇ ಕತ್ತರಿ ಹಾಕಿದ್ರೆ ಬಟ್ಟೆ ಮುನಿಸ್ಕೊಳ್ಳುತ್ತೆ."

ಬೆನ್ನಿನಲ್ಲಿ ಮೇಲೊಂದು ಒರಟು ಪದರ, ಕೆಳಗೊಂದು ಮೆತ್ತನೆಯ ಪದರ ಇರುವುದನ್ನು ಊದಿ ತೋರಿಸಿದರು. ಅಷ್ಟು ವರ್ಷ ಆ ನಾಯಿಯ ಜೊತೆ ಬಾಳಿದ ನಾನು ಅದನ್ನು ಕಂಡಿರಲಿಲ್ಲ. ಅದನ್ನು ಬುಡಕ್ಕೆ ಬೋಳಿಸಬಾರದು, ಮೊದಲಿನಂತೆ ಬರುವುದಿಲ್ಲ ಎಂದರು. ನಂತರ ಕೇಳಿದ ಪ್ರಶ್ನೆ ನನ್ನ ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ. ಇದನ್ನು ಹೆಚ್ಚು ಮುಟ್ಟುವವರು ಯಾರು?

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಅಂದು ಒಂದು ಕೂದಲನ್ನೂ ಕತ್ತರಿಸಲಿಲ್ಲ. ನಾಳೆ ಅವರನ್ನೇ ಕರೆದುಕೊಂಡು ಬಾ, ಟ್ರಯಲ್ ನೋಡೋಣ ಎಂದರು.

ಅತ್ತೆ ಬರಲು ಒಪ್ಪಿದ್ದು ಚಿಂದಿಯನ್ನು ಕಾಯುವುದಕ್ಕೆ. ಅಂಗಡಿ ತುಂಬ ಒದ್ದೆ ನಾಯಿಯ ವಾಸನೆ ಎಂದು ಮೂಗು ಮುರಿದರು. ಟೇಪಣ್ಣನ ಹೆಂಡತಿ, "ಏನ್ ಮಾಡೋದಮ್ಮ, ಮನುಷ್ಯರು ಇಲ್ಲಿ ಸ್ನಾನಕ್ಕೆ ಬರಲ್ಲ" ಎಂದು ಸ್ಟೂಲು ಕೊಟ್ಟರು. ಅತ್ತೆಗೆ ಆ ಉತ್ತರ ಹಿಡಿಸಿತು, ಕುಳಿತರು.

ಟೇಪಣ್ಣ ಅವರನ್ನು ಏನೂ ಕೇಳಲಿಲ್ಲ. ಚಿಂದಿಯನ್ನು ಮಡಿಲಿಗೆ ಕೊಟ್ಟು, ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಅತ್ತೆಯ ಕೈಯನ್ನೇ ನೋಡತೊಡಗಿದರು. ಅವರ ಹೆಂಡತಿ ಮಾತು ತೆಗೆದು ಅತ್ತೆಯ ತವರು, ಮದುವೆ, ಮಂಡಿನೋವು ಎಲ್ಲವನ್ನೂ ವಿಚಾರಿಸಿಕೊಳ್ಳುತ್ತಿದ್ದರು. ಅತ್ತೆಯ ಬಾಯಿ ಮಾತಾಡುತ್ತಿದ್ದರೆ ಕೈ ತನ್ನ ಪಾಡಿಗೆ ತಾನು ಓಡಾಡುತ್ತಿತ್ತು. ಹೊಲಿಗೆಗೆ ಮುಂಚೆ ಬಟ್ಟೆಗೆ ಕಚ್ಚಾ ಟಾಕು ಹಾಕುತ್ತಾರಲ್ಲ, ಹಾಗೆ ಆ ಕೈ ನಿಂತಲ್ಲೆಲ್ಲ ಟೇಪಣ್ಣ ಮೆಲ್ಲನೆ ಒಂದೊಂದು ಕೆಂಪು ದಾರ ಕಟ್ಟಿದರು. ಕುತ್ತಿಗೆಯ ಹಿಂದೆ ಎದ್ದುನಿಂತ ಕೂದಲಿನ ಏಣಿನ ಮೇಲೆ ಒಂದು, ಬಾಲದ ಬುಡಕ್ಕೆ ಒಂದು, ಎಡಗಿವಿಯ ಹಿಂದೆ ಸುರುಳಿ ಸುತ್ತಿದ ಜುಟ್ಟಿಗೆ ಒಂದು. ಕೈ ಎಲ್ಲೆಲ್ಲೋ ಹೋಗಿ ಮತ್ತೆ ಮತ್ತೆ ಬಂದು ನಿಂತದ್ದು ಆ ಮೂರೇ ಜಾಗದಲ್ಲಿ. ದಾರವಿದ್ದಲ್ಲಿ ಕತ್ತರಿ ತಾಗಬಾರದು, ಕಟಿಂಗು ಯಾವುದೆಂಬುದು ಅಲ್ಲಿಗೆ ನಿರ್ಧಾರವಾಯಿತು. ನನ್ನ ನೋಟುಪುಸ್ತಕ ಚೀಲದೊಳಗೇ ಇತ್ತು.

ಮೊದಲು ಗಂಟುಗಳನ್ನು ಬಿಡಿಸಿದರು, ಬಿಡದವನ್ನು ತೆಗೆದರು. ಆಮೇಲೆ ಸ್ನಾನ. ಒಣಗಿಸಿದ ಮೇಲೆ ಬೆನ್ನಿಗೆ ಬಾಚಣಿಗೆಯ ಮೇಲಿಂದ ಕತ್ತರಿ, ಕಾಲಿಗೆ ಸಣ್ಣ ಕತ್ತರಿ, ಹೊಟ್ಟೆಯಡಿಗೆ ಮಾತ್ರ ಮಷೀನು. ಕೂದಲು ಉದುರಿದಂತೆ ಹುಣ್ಣುಗಳಿಗೆ ಗಾಳಿ ಸಿಕ್ಕಿತು, ಚಿಂದಿ ಎಷ್ಟೋ ದಿನದ ಮೇಲೆ ಮೈ ಕೊಡವಿತು. ಕುತ್ತಿಗೆಯ ಏಣು, ಬಾಲದ ಬುಡ ಹಾಗೇ ಉಳಿದವು. ಎಲ್ಲ ಮುಗಿಯಿತೆನ್ನುವಾಗ ಟೇಪಣ್ಣ ಎರಡು ಹೆಜ್ಜೆ ಹಿಂದೆ ಸರಿದು, ಹೊಲಿದ ಕೋಟು ನೋಡುವವರಂತೆ ತಲೆ ಓರೆಮಾಡಿದರು. ಒಂದು ಕಿವಿ ಉಬ್ಬಿದೆ, ಇನ್ನೊಂದು ಚಪ್ಪಟೆ. ಮೂವತ್ತನಾಲ್ಕು ವರ್ಷ ಎರಡು ತೋಳು, ಎರಡು ಕಾಲರು ಸಮ ಮಾಡಿದ ಕೈ ಅದು. ಮುಂದೆ ಬಂದರು, ಕತ್ತರಿ ಆಡಿಸಿದರು.

ಎಡಗಿವಿಯ ಜುಟ್ಟಿನ ತುದಿ ರಬ್ಬರ್ ಹಾಸಿನ ಮೇಲೆ ಬಿತ್ತು. ಅದಕ್ಕೆ ಕಟ್ಟಿದ್ದ ದಾರ ಸ್ನಾನದಲ್ಲೇ ಕಳಚಿಹೋಗಿತ್ತು.

ಹೆಂಡತಿ ಬಚ್ಚಲಿನ ಜಾಲರಿಯಿಂದ ಕೆಂಪು ದಾರ ಹೆಕ್ಕಿ ತಂದು ಮೇಜಿನ ಮೇಲಿಟ್ಟರು. ನಾನು ಟೇಪಣ್ಣನಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿದೆ. ಹೇಳಿದರೆ ಅತ್ತೆ ಮುಟ್ಟುವ ಮೊದಲೇ ಬೇಡವೆನ್ನುತ್ತಾರೆ ಎಂಬ ಭಯ ನನಗೆ. ಟೇಪಣ್ಣ ನನ್ನ ಕಡೆ ನೋಡಲಿಲ್ಲ. ಕತ್ತರಿ ಕೆಳಗಿಟ್ಟು ಅತ್ತೆಯ ಮುಂದೆ ಹೋಗಿ ನಿಂತರು.

"ಅಮ್ಮಾ, ಒಂದು ತಪ್ಪಾಗಿದೆ. ನೀವು ಹಿಡ್ಕೊಳ್ಳೋ ಜಾಗಾನೇ ಕತ್ತರಿಸಿಬಿಟ್ಟೆ. ನಾಯಿ ನಿಮ್ಮದೇ. ತಪ್ಪು ನಂದು."

ಅತ್ತೆ ಕೈ ಚಾಚಿದರು. ನಾನು ಚಿಂದಿಯನ್ನು ಮಡಿಲಲ್ಲಿಟ್ಟೆ. ಕೈ ಬೆನ್ನಿನ ಮೇಲೆ ಇಳಿಯಿತು, ತಡೆಯಿತು. ಹೋದ ವರ್ಷದಂತೆಯೇ ಹಿಂದೆ ಸರಿಯುತ್ತದೆ ಎಂದುಕೊಂಡೆ. ಸರಿಯಲಿಲ್ಲ. ಮೆಲ್ಲಗೆ ಮೇಲೇರಿ ಕುತ್ತಿಗೆಯ ಏಣನ್ನು ಹಿಡಿಯಿತು. ಬಾಲದ ಬುಡಕ್ಕೆ ಬಂತು. ಮತ್ತೆ ಮೇಲಕ್ಕೆ ಹೋಗಿ ಎಡಗಿವಿಯ ಹಿಂದೆ ನಿಂತಿತು. ಚಿಂದಿ ಕಣ್ಣು ಮುಚ್ಚಿ ಆ ಅಂಗೈಗೆ ತಲೆಯೊತ್ತಿತು. ಅತ್ತೆ ಉಳಿದ ಜುಟ್ಟನ್ನು ಎರಡು ಬೆರಳಲ್ಲಿ ಹಿಡಿದು ಬುಡದಿಂದ ತುದಿಯವರೆಗೆ ಎಳೆದು ಬಿಟ್ಟರು.

"ನಮ್ಮ ಚಿಂದೀನೇ. ಇಲ್ಲಿ ಒಂದು ಬೆರಳಗಲ ಕಮ್ಮಿ ಆಗಿದೆ ಅಷ್ಟೆ. ಉಂಗುರದ ಬೆರಳು, ಹೆಬ್ಬೆರಳಲ್ಲ."

ಟೇಪಣ್ಣ ಮೇಜಿನ ಮೇಲೆ ಬಿದ್ದಿದ್ದ ಸುರುಳಿಯನ್ನು ಎತ್ತಿಕೊಂಡರು. ಕೊರಳಿನ ಟೇಪು ಎಳೆದು ಅಳೆದರು. ಅತ್ತೆಯ ಅನುಮತಿ ಕೇಳಿ ಅವರ ಉಂಗುರದ ಬೆರಳಿನ ಅಗಲವನ್ನೂ ಅಳೆದರು. ಮತ್ತೊಮ್ಮೆ ಎರಡನ್ನೂ ಅಳೆದರು. ಹೆಂಡತಿ ಎಷ್ಟು ಎಂದು ಕೇಳಿದರೆ ಟೇಪನ್ನೇ ತೋರಿಸಿದರು. ನಾನೂ ಬಗ್ಗಿ ನೋಡಿದೆ. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಹೋದ ಸಲ ಏಕೆ ಗುರುತು ಹತ್ತಲಿಲ್ಲ ಎಂದು ದಾರಿಯಲ್ಲಿ ಕೇಳಿದೆ. ಆಗ ಹಿಡಿಯಲು ಏನು ಬಿಟ್ಟಿದ್ದಿರಿ ಎಂದು ಅತ್ತೆ ತಿರುಗಿ ಕೇಳಿದರು. ಚಿಂದಿ ಅವರ ಪಕ್ಕದಲ್ಲೇ ನಡೆಯುತ್ತಿತ್ತು.

ಅಂದಿನಿಂದ ಎಂಟು ವಾರಕ್ಕೊಮ್ಮೆ ಮೂವರೂ ಹೋಗುತ್ತೇವೆ. ಟೇಪಣ್ಣ ಅತ್ತೆಗೆ ಸ್ಟೂಲು ಎಳೆದುಕೊಟ್ಟು, ಎಷ್ಟು ಬಿಡಲಿ ಎಂದು ಕೇಳುತ್ತಾರೆ. ಅತ್ತೆ ಗಾಳಿಯಲ್ಲಿ ಎರಡು ಬೆರಳು ಅಗಲಿಸಿ ತೋರಿಸುತ್ತಾರೆ. ಅವರು ಅದನ್ನು ಒಮ್ಮೆ ದಿಟ್ಟಿಸಿ ನೋಡಿ ಕತ್ತರಿ ತೆಗೆದುಕೊಳ್ಳುತ್ತಾರೆ. ಚಿಂದಿ ಮೇಜಿನ ಮೇಲಿರುವಷ್ಟು ಹೊತ್ತು ಟೇಪು ಗೋಡೆಯ ಮೊಳೆಯಲ್ಲಿರುತ್ತದೆ. ಒಂದು ಕಿವಿ ಉಬ್ಬಿ ಇನ್ನೊಂದು ಚಪ್ಪಟೆಯಾಗಿರುವ ನಾಯಿಯನ್ನು ಕಂಡು ಬೇರೆ ಗಿರಾಕಿಗಳು ಇದೇನಿದು ವಾರೆಕೋರೆ ಎಂದರೆ, ಇದು ಕೈಯ ಅಳತೆಗೆ ಹೊಲಿದದ್ದು, ಕಣ್ಣಿನ ಅಳತೆಗಲ್ಲ ಎಂದು ಅವರ ಹೆಂಡತಿಯೇ ಉತ್ತರ ಕೊಡುತ್ತಾರೆ. ಟೇಪಣ್ಣ ಆ ಕಿವಿಯನ್ನು ಬಾಚುವುದರಲ್ಲಿ ಮುಳುಗಿರುತ್ತಾರೆ.