ಮೂರು ಗೋಡೆ ಸೇರುವಲ್ಲಿ

ನಮ್ಮ ವಿಜ್ಞಾನದ ಮೇಡಂ ಅವರ ಎಡ ಅಂಗೈಯಲ್ಲಿ ಆಸಿಡ್ ಬಿದ್ದು ಸುಟ್ಟ ಕಲೆಯೊಂದಿತ್ತು. ರಂಜಾನಿಗೆ ಮೆಹಂದಿ ಹಚ್ಚಿಕೊಂಡು ಬಂದಾಗ ಆ ಜಾಗವೊಂದೇ ಬಣ್ಣ ಹಿಡಿಯದೆ ಉಳಿದಿರುತ್ತಿತ್ತು. ಲ್ಯಾಬಿಗೆ ಹೊಸದಾಗಿ ಬಂದವರಿಗೆ ಅವರು ಮೊದಲು ತೋರಿಸುತ್ತಿದ್ದುದೇ ಅದನ್ನು.

ಅಜ್ಜಂಪುರದ ಹೈಸ್ಕೂಲಿನಲ್ಲಿ ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ದಿನ ಅವರು ಸೋಪಿನ ನೊರೆಯನ್ನು ಎರಡು ಗಾಜುಗಳ ನಡುವೆ ಒತ್ತಿ ಹಿಡಿದು ತಂದರು. ದೊಡ್ಡವು, ಸಣ್ಣವು, ಸೊಟ್ಟಗಿನವು. ಒಂದು ಗುಳ್ಳೆಯಂತೆ ಇನ್ನೊಂದಿಲ್ಲ. ಆದರೂ ಗುಳ್ಳೆಗೆ ಗುಳ್ಳೆ ತಾಗುವಲ್ಲಿ ಎಲ್ಲಿ ನೋಡಿದರೂ ಮೂರು ಗೋಡೆಗಳೇ ಸೇರಿರುತ್ತವೆ, ನಾಲ್ಕು ಸೇರುವ ಜಾಗ ಸಿಕ್ಕರೆ ಕರೆಯಿರಿ ಎಂದರು. ಉಳಿದವರು ಬೇಗ ಕೈಬಿಟ್ಟರು. ನಾನು ಪೀರಿಯಡ್ ಮುಗಿಯುವವರೆಗೂ ಹುಡುಕಿ, ಕೊನೆಗೆ ಒಂದನ್ನು ಕಂಡು ಕರೆದೆ. ಅವರು ಬಗ್ಗಿ ನೋಡುವಷ್ಟರಲ್ಲಿ ನಡುವೆ ಪುಟ್ಟ ಗೋಡೆಯೊಂದು ಮೂಡಿ, ನಾಲ್ಕು ಸೇರಿದ್ದ ಜಾಗ ಒಡೆದು, ಮೂರು ಸೇರುವ ಎರಡು ಜಾಗಗಳಾದವು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ.

“ನೀನ್ ಕಂಡಿದ್ದು ನಿಜ ಕಣೇ. ಅದು ನಿಲ್ಲಲಿಲ್ಲ, ಅಷ್ಟೆ. ಯಾಕೆ ನಿಲ್ಲಲಿಲ್ಲ ಅನ್ನೋದನ್ನ ನೀನೇ ಓದಿ ತಿಳ್ಕೋ.”

ಹತ್ತನೆಯದು ಮುಗಿದಾಗ, ಸೈಕಲ್ ಶಾಪ್ ಇಟ್ಟಿದ್ದ ಅಪ್ಪ ನನ್ನ ಓದು ಸಾಕು ಎಂದರು. ತರೀಕೆರೆಯ ಕಾಲೇಜಿನಲ್ಲಿ ಲ್ಯಾಬ್ ಮುಗಿಸಿ ಬಸ್ಸು ಹಿಡಿದು ಬರುವಾಗ ಕತ್ತಲಾಗುತ್ತದೆ ಎಂಬುದು ಅವರ ಚಿಂತೆ. ಮೇಡಂ ಅಂಗಡಿಗೇ ಬಂದರು. ತರೀಕೆರೆಯಲ್ಲಿ ತಮ್ಮ ಅಕ್ಕನ ಮನೆಯಿದೆ, ಅಲ್ಲೇ ಇದ್ದು ಓದಲಿ ಎಂದರು. ಅಪ್ಪ ಪಂಕ್ಚರ್ ಹಾಕುತ್ತಲೇ ಇದ್ದರು.

“ಇಷ್ಟು ವರ್ಷ ಪಾಠ ಮಾಡಿದೀನಿ. ಹಿಂಗ್ ನೋಡೋ ಕಣ್ಣು ನಂಗೆ ಸಿಕ್ಕಿರೋದು ಇದೊಂದೇ ಕಣ್ರೀ,” ಎಂದರು ಮೇಡಂ.

ಅಪ್ಪ ಕೈ ಒರೆಸಿಕೊಂಡು, ಯಾವತ್ತು ಕಳಿಸಬೇಕು ಎಂದು ಕೇಳಿದರು.

ನಾವು ಮಾಂಸ ತಿನ್ನದವರೆಂದು ಆ ಮನೆಯಲ್ಲಿ ನನಗಾಗಿ ಬೇರೆ ಪಾತ್ರೆ ತಂದಿಟ್ಟಿದ್ದರು. ಕೆಲವು ವಾರ ಕಳೆದ ಮೇಲೆ ನಾನೇ ಅದನ್ನು ಅವರ ಪಾತ್ರೆಗಳ ಜೊತೆ ತೊಳೆದು ಜೋಡಿಸಿದೆ.

ಈಗ ನಾನು ಭ್ರೂಣದ ಜೀವಕೋಶಗಳು ಹೇಗೆ ಜಾಗ ಬದಲಿಸುತ್ತವೆ ಎಂದು ಸಂಶೋಧನೆ ಮಾಡುತ್ತೇನೆ. ಮೇಲ್ನೋಟಕ್ಕೆ ಬರೀ ನೂಕುನುಗ್ಗಲು. ಆದರೆ ಅಲ್ಲೂ ನಾಲ್ಕು ಗೋಡೆ ಸೇರಿದ ಜಾಗ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಜಾಗಗಳು ಹಾಗೆ ಒಡೆದು ಒಡೆದೇ ಭ್ರೂಣ ಉದ್ದವಾಗುತ್ತದೆ. ಮೇಡಂ ಒಮ್ಮೆ ನಮ್ಮ ಲ್ಯಾಬಿಗೆ ಬಂದು ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಅಲ್ಲಿದ್ದವರಿಗೆಲ್ಲ “ಇವಳು ನಮ್ ಅಜ್ಜಂಪುರದೋಳು” ಎಂದು ಹೇಳಿಕೊಂಡು ಓಡಾಡಿದರು.

ಕಳೆದ ವರ್ಷ ಅವರು ತೀರಿಕೊಂಡರು. ನಾನು ತಲುಪುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಅಪ್ಪ ಅಂಗಡಿ ಮುಚ್ಚಿ ಹೋಗಿ ಶವ ಹೊತ್ತ ಜನಾಜಾಕ್ಕೆ ಹೆಗಲು ಕೊಟ್ಟಿದ್ದರಂತೆ. ಪರವೂರಿನಿಂದ ಬಂದ ನೆಂಟರೊಬ್ಬರು ನೀವು ಯಾರು ಎಂದು ಕೇಳಿದಾಗ, “ನನ್ ಮಗಳನ್ನ ಓದ್ಸಿದೋರು ಇವ್ರು” ಎಂದಷ್ಟೇ ಹೇಳಿ, ಹೆಗಲು ಬಿಡದೆ ನಡೆದರಂತೆ.