ಹಿಕ್ಕೆಯ ಕಾವು

ವಿಜಾಪುರ ಎಂದರೆ ಬರೀ ಬಿಸಿಲು ಎಂದು ಹೊರಗಿನವರು ಆಡುವುದನ್ನು ಕೇಳಿ ಕೇಳಿ ನನ್ನ ಕಿವಿ ದಣಿದಿವೆ. ಅವರು ಹಗಲಲ್ಲಿ ಬರುತ್ತಾರೆ, ಗುಮ್ಮಟ ನೋಡುತ್ತಾರೆ, ಬೆವರು ಒರೆಸಿಕೊಂಡು ಸಂಜೆಯ ಗಾಡಿಗೆ ಹೋಗಿಬಿಡುತ್ತಾರೆ. ಅಂಥವರನ್ನು ಹಿಡಿದು ಪುಷ್ಯ ಮಾಸದಲ್ಲಿ ತಿಕೋಟಾದ ಆಚೆ ಒಂದು ಬಯಲು ಹೊಲದಲ್ಲಿ ಮಲಗಿಸಬೇಕು. ಮೂಡಗಾಳಿ ಬೀಸಲು ತೊಡಗಿತೆಂದರೆ ಅಲ್ಲಿ ಅಡ್ಡವಾಗಲು ಒಂದು ಗೋಡೆಯಿಲ್ಲ, ದಟ್ಟನೆಯ ಒಂದು ಮರವಿಲ್ಲ. ನೆಲವೇ ಮೈಯಿಂದ ಬಿಸಿ ಹೀರುತ್ತದೆ. ನಾನು ಹಾಗೆ ಎಷ್ಟು ಚಳಿಗಾಲ ಮಲಗಿದೆನೋ. ಈಗ ಸೊಲ್ಲಾಪುರ ರಸ್ತೆಯ ಪಕ್ಕದ ಮನೆಯಲ್ಲಿ, ಕಿಟಕಿ ಮುಚ್ಚಿ, ಎರಡು ದುಪ್ಪಟಿ ಹೊದ್ದರೂ ಮೊಣಕಾಲು ಆ ಚಳಿಯನ್ನು ಮರೆತಿಲ್ಲ.

ನಾವು ಕುರಿ ಕಾಯುವವರು. ಕನಮಡಿಯಲ್ಲಿ ಒಂದು ಮನೆ ಇತ್ತು ಎನ್ನುವುದು ಹೆಸರಿಗೆ. ದೀಪಾವಳಿ ಮುಗಿಯಿತೆಂದರೆ ಅದಕ್ಕೆ ಬೀಗ. ಕುರಿ, ಎರಡು ನಾಯಿ, ಸಾಮಾನು ಹೊರುವ ಒಂದು ತಟ್ಟು ಕುದುರೆ, ಅಪ್ಪ, ಅವ್ವ, ನಾನು, ಇಷ್ಟು ಜನ ಹೊಲದಿಂದ ಹೊಲಕ್ಕೆ. ಸಜ್ಜೆ ಕೊಯ್ದು ಬಿಟ್ಟ ಹೊಲದಲ್ಲಿ ನಮ್ಮ ಕುರಿ ರಾತ್ರಿಯೆಲ್ಲ ನಿಲ್ಲಬೇಕು, ಹಿಕ್ಕೆ ಹಾಕಬೇಕು. ಅದು ಹೊಲಕ್ಕೆ ಗೊಬ್ಬರ. ಅದಕ್ಕೆ ಪ್ರತಿಯಾಗಿ ಹೊಲದವರು ನಮಗೆ ಜೋಳ ಕೊಡುತ್ತಾರೆ, ಬೆಳಿಗ್ಗೆ ರೊಟ್ಟಿ ಪಲ್ಯ ತಂದುಕೊಡುತ್ತಾರೆ. ಮರುದಿನ ಕುರಿಯನ್ನು ಹತ್ತು ಮಾರು ಆಚೆ ಸರಿಸಿ ನಿಲ್ಲಿಸುವುದು. ಹೀಗೆ ಹೊಲ ಪೂರ್ತಿ ಆದಮೇಲೆ ಹಟ್ಟಿ ಎತ್ತಿ ಮುಂದಿನ ಹೊಲಕ್ಕೆ ಹೋಗುವುದು.

ಇದರಲ್ಲಿ ಒಂದು ಕಟ್ಟು ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕುರಿ ನಮ್ಮದು, ಹಾಲು ನಮ್ಮದು, ಉಣ್ಣೆ ನಮ್ಮದು. ನೆಲಕ್ಕೆ ಬಿದ್ದ ಹಿಕ್ಕೆ ಮಾತ್ರ ಹೊಲದವರದು. ಒಣಗಿದ ಹಿಕ್ಕೆ ಎಷ್ಟು ಚೆನ್ನಾಗಿ ಉರಿಯುತ್ತದೆ ಎಂದು ಕುರಿಯವರಿಗೆ ಹೇಳಿಕೊಡಬೇಕಾಗಿಲ್ಲ. ಭಗ್ಗೆಂದು ಹತ್ತುವುದಿಲ್ಲ, ಆದರೆ ಒಮ್ಮೆ ಕೆಂಡ ಹಿಡಿಯಿತೆಂದರೆ ಬೆಳಗಾಗುವವರೆಗೆ ಆರುವುದಿಲ್ಲ. ಅಂಥ ಸೌದೆ ಸುತ್ತಲೂ ರಾಶಿ ಬಿದ್ದಿರುತ್ತಿತ್ತು, ನಾವು ಅದರ ನಡುವೆ ಹಲ್ಲು ಕಟಕಟ ಕಡಿಯುತ್ತ ಕೂತಿರುತ್ತಿದ್ದೆವು. ಬದುವಿನ ಜಾಲಿಗಿಡಕ್ಕೆ ಒಡೆಯನಿದ್ದ, ಜೋಳದ ಕಣಿಕೆ ಎತ್ತಿನ ಪಾಲು, ತೊಗರಿ ಕಟ್ಟಿಗೆ ಹೊಲದವರು ಕೊಟ್ಟಷ್ಟೇ. ತೊಗರಿ ಕಟ್ಟಿಗೆಯ ಬೆಂಕಿಯಲ್ಲಿ ಮುಸುರೆ ನೀರು ಕಾಯುವುದರೊಳಗೆ ಬೂದಿ.

ಅಪ್ಪನಿಗೆ ಈ ಕಟ್ಟಿನ ಬಗ್ಗೆ ವಿಪರೀತ ಅಭಿಮಾನ. "ನಮ್ಮ ಹಟ್ಟಿ ಎದ್ದ ಹೊಲದಾಗ ಒಂದು ಹಿಕ್ಕಿ ಕಡಿಮಿ ಬಿದ್ದಿಲ್ಲ" ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ. ಯಾರು ಎಣಿಸಲು ಹೋಗಿದ್ದರೋ ದೇವರೇ ಬಲ್ಲ.

ನಾನು ಹೇಳುತ್ತಿರುವುದು ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳ ಮಾತು. ಅರಿವೆಗೆ ಕಂಟ್ರೋಲು, ಎಣ್ಣೆಗೆ ಕಂಟ್ರೋಲು. ನನಗೆ ಇಪ್ಪತ್ತು ದಾಟಿತ್ತು, ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಹಟ್ಟಿಯಲ್ಲಿ ನಮ್ಮ ಮೂವರಿಗೆ ಎರಡೇ ಕಂಬಳಿ. ಮೂರನೆಯದು ಅವ್ವನದು. ಅದನ್ನು ಆಕೆ ಮಳೆಗಾಲದಲ್ಲಿ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಅಕ್ಕನ ಹೆಗಲಿಗೆ ಹಾಕಿ ಕಳಿಸಿದ್ದಳು. "ಮತ್ತೊಂದು ನೇಸಿದ್ರ ಆತು" ಅಂದಿದ್ದಳು. ಉಣ್ಣೆ ಯಾವಾಗಲೋ ಕೊಟ್ಟಿದ್ದೆವು, ನೇಯುವವನ ಮಗ್ಗದಿಂದ ಕಂಬಳಿ ಮಾತ್ರ ಇಳಿದಿರಲಿಲ್ಲ.

ಒಂದು ಕಂಬಳಿ ರಾತ್ರಿ ತೋಳ ಬಾರದಂತೆ ಕುರಿ ಕಾಯುವವನಿಗೆ. ಇನ್ನೊಂದು ಮಲಗುವ ಇಬ್ಬರಿಗೆ, ಎಂದರೆ ಅವ್ವನಿಗೆ ಎಂದು ಅಪ್ಪ ನಾನು ಒಪ್ಪಿಕೊಂಡಿದ್ದೆವು. ಆದರೆ ಸಂಜೆ ಅವ್ವನಿಗೆ ಹೊದಿಸಿದ ಕಂಬಳಿ ಬೆಳಿಗ್ಗೆ ನನ್ನ ಮೇಲೋ ಅಪ್ಪನ ಮೇಲೋ ಇರುತ್ತಿತ್ತು. ಅವ್ವ ಗೋಣಿಚೀಲದಲ್ಲಿ ಕಾಲು ತೂರಿಸಿಕೊಂಡು ಮುದುಡಿ ಬಿದ್ದಿರುತ್ತಿದ್ದಳು. ಇದನ್ನು ನೋಡಿ ನನಗೆ ಕರುಳು ಚುರ್ ಎನ್ನುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಸಿಟ್ಟು ಬರುತ್ತಿತ್ತು. ದಿನವಿಡೀ ನಡೆದು ಸತ್ತು ಸುಣ್ಣವಾಗಿ ಬಂದವನು ಮೈಮೇಲೆ ಏನು ಬಿತ್ತು ಎಂದು ನೋಡುವ ಸ್ಥಿತಿಯಲ್ಲಿ ಇರುವುದಿಲ್ಲ. ಅದು ಆಕೆಗೂ ಗೊತ್ತಿತ್ತು.

ಚಳಿಗೆ ನಮ್ಮವೇ ಉಪಾಯಗಳಿದ್ದವು. ಮಲಗಿದ ಕುರಿಯನ್ನು ಎಬ್ಬಿಸಿ ಅದು ಮಲಗಿದ್ದ ಜಾಗದಲ್ಲಿ ಬೀಳುವುದು ಒಂದು. ಒಂದು ಗಳಿಗೆ ನೆಲ ಬೆಚ್ಚಗಿರುತ್ತದೆ, ಆಮೇಲೆ ಮತ್ತೊಂದು ಕುರಿ. ಆಳುದ್ದ ಕುಣಿ ತೋಡಿ, ಅದರಲ್ಲಿ ಬೆಂಕಿ ಮಾಡಿ, ಕೆಂಡದ ಮೇಲೆ ಮಣ್ಣು ಎಳೆದು, ಚೀಲ ಹಾಸಿ ಮಲಗುವುದು ಇನ್ನೊಂದು. ಇದು ಎಲ್ಲಕ್ಕಿಂತ ಚಲೋ, ಆದರೆ ಕೆಂಡ ಬೇಕು.

ತಿಕೋಟಾದ ಸಮೀಪ ಗೌಡರೊಬ್ಬರ ಹೊಲದಲ್ಲಿದ್ದಾಗ ಅವ್ವನಿಗೆ ಚಳಿಜ್ವರ ಬಂತು. ಸಂಜೆ ಹೊತ್ತು ಮುಳುಗುವುದಕ್ಕೂ ಮೈ ನಡುಗಲು ಶುರುವಾಗುವುದಕ್ಕೂ ಸರಿಹೋಗುತ್ತಿತ್ತು. ಹಿಂದಿನ ವರ್ಷ ನಮ್ಮ ಚಿಕ್ಕವ್ವ ಹೀಗೆಯೇ ಹಟ್ಟಿಯಲ್ಲಿ ನಡುಗಿ ನಡುಗಿ ಹೋಗಿಬಿಟ್ಟಿದ್ದಳು. ಅಪ್ಪ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೂರನೆಯ ದಿನ ಅವ್ವನಿಗೆ ಎರಡೂ ಕಂಬಳಿ ಹೊದಿಸಿದೆವು. ಆದರೂ ಹಲ್ಲು ಕಡಿಯುವುದು ನಿಲ್ಲಲಿಲ್ಲ. ಅಪ್ಪ ಬರೀ ಮೈಯಲ್ಲಿ ಒಂದು ಧೋತರ ಸುತ್ತಿಕೊಂಡು ಕಾವಲಿಗೆ ಹೋದ. ತೋಳ ಕೂಗುತ್ತಿತ್ತು, ಅವನು ಹೋಗಿದ್ದು ಮೂಡಣ ತುದಿಗೆ.

ನಾನು ಕೂತು ನೋಡಿದೆ. ತೊಗರಿ ಕಟ್ಟಿಗೆ ಒಂದು ಹಿಡಿ ಉಳಿದಿತ್ತು. ನಾಲ್ಕು ದಿನದ ಕೆಳಗೆ ಕುರಿ ನಿಂತಿದ್ದ ಜಾಗದಲ್ಲಿ ಹಿಕ್ಕೆ ಕರಕರ ಒಣಗಿತ್ತು. ಗಾಳಿ ಮೂಡಣದಿಂದ ಪಡುವಣಕ್ಕೆ, ಹೊಗೆ ಅಪ್ಪನ ಕಡೆ ಹೋಗುವುದಿಲ್ಲ. ಬಹಳ ವಿಚಾರ ಮಾಡಿದೆ ಎಂದು ಹೇಳಲಾರೆ. ದಣಿದ ಮನುಷ್ಯ ಬಹಳ ವಿಚಾರ ಮಾಡುವುದಿಲ್ಲ. ಕುಣಿ ತೋಡಿದೆ, ಬುಟ್ಟಿ ತೆಗೆದುಕೊಂಡು ಹಿಕ್ಕೆ ಬಳಿದು ತಂದೆ. ಒಂದು ಬುಟ್ಟಿ ಸಾಲಲಿಲ್ಲ, ಆರು ಬುಟ್ಟಿ ತಂದೆ. ಕಟ್ಟಿಗೆಯ ಕೆಂಡ ಮೇಲಿಟ್ಟು ಊದಿದೆ. ಅದು ಹಿಡಿದುಕೊಂಡಮೇಲೆ ಮಣ್ಣು ಎಳೆದು, ಚೀಲ ಹಾಸಿ, ಅವ್ವನ ಭುಜ ಮುಟ್ಟಿ ಎಬ್ಬಿಸಿದೆ.

"ಈ ಕಡೆ ಬಾರಬೇ. ಇಲ್ಲಿ ನೆಲ ಬೆಚ್ಚಗೈತಿ."

ಆಕೆ ತೆವಳಿಕೊಂಡು ಬಂದಳು. ಮಲಗಿದಮೇಲೆ ಕೇಳಿದಳು, "ಒಳಗ ಏನ ಹಾಕೀದಿ?"

"ತೊಗರಿ ಕಟಗಿ. ಸುಮ್ನ ಮಕ್ಕೋಬೇ."

ಆಕೆ ಇನ್ನೇನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಹಲ್ಲಿನ ಸಪ್ಪಳ ನಿಂತಿತು. ಆಮೇಲೆ ಉಸಿರು ಉದ್ದವಾಯಿತು. ನಾನು ಪಕ್ಕದಲ್ಲಿ ಕೂತು ಆ ಉಸಿರು ಕೇಳಿದೆ. ನನಗೆ ಸಂತೋಷವಾಯಿತು. ಅಷ್ಟು ಸಂತೋಷ ನನ್ನ ಮಗ ಹುಟ್ಟಿದ ಸುದ್ದಿ ಬಂದಾಗಲೂ ಆಗಿರಲಿಕ್ಕಿಲ್ಲ. ಬಳಿದ ಜಾಗವನ್ನು ಮುಚ್ಚಬೇಕೆಂದು ಎದ್ದೆ, ಕಾಲು ಏಳಲಿಲ್ಲ, ಕೂತಲ್ಲೇ ತೂಕಡಿಸಿದೆ.

ಬೆಳಿಗ್ಗೆ ಗೌಡರು ರೊಟ್ಟಿಯ ಗಂಟು, ಮಜ್ಜಿಗೆಯ ಚರಿಗೆ ಹಿಡಿದು ಬಂದರು. ಅಪ್ಪ ಆಗಷ್ಟೇ ಆ ತುದಿಯಿಂದ ಬಂದು ಕೂತಿದ್ದ. ಗೌಡರಿಗೆ ಹೊಲದ ನಡುವೆ ಬೋಳು ಕಾಣಿಸಿತು. ಕಾಣದೆ ಏನು, ಕೊಟ್ಟಿಗೆ ಕಸ ಹೊಡೆದಷ್ಟು ಚೊಕ್ಕಟ ಬಳಿದಿದ್ದೆ ನಾನು. ಅವರು ಅಲ್ಲಿಂದ ನಿಧಾನ ನಡೆದು ಬಂದು, ಕುಣಿಯ ಅಂಚನ್ನು ಕಾಲಿನ ಹೆಬ್ಬೆರಳಲ್ಲಿ ಕೆದರಿದರು. ಬೂದಿ ಇನ್ನೂ ಹೊಗೆಯಾಡುತ್ತಿತ್ತು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅವ್ವನ ಕಡೆ ನೋಡಿದರು, ಅಪ್ಪನ ಕಡೆ ನೋಡಿದರು.

"ಕಾಕಾ, ಮನ್ಯಾಗ ಬ್ಯಾನಿ ಐತಿ ಅಂತ ಒಂದ ಮಾತು ಹೇಳಬಾರದೇನು? ಕೇಳಿದ್ರ ಹಿಕ್ಕಿ ಏನು, ಹಾಸಾಕ ಹೊದಿಯಾಕ ನಾನ ತಂದು ಕೊಡ್ತಿದ್ದೆ."

ಅಪ್ಪನಿಗೆ ಆಗ ತಿಳಿಯಿತು. ಅವನ ಮುಖ ನಾನು ನೋಡಲಿಲ್ಲ, ನೋಡುವ ಧೈರ್ಯ ನನಗಿರಲಿಲ್ಲ. "ತಪ್ಪಾತ್ರಿ ಗೌಡ್ರ" ಎಂದ ದನಿ ಮಾತ್ರ ಕೇಳಿತು. ಗೌಡರು "ಇರ್ಲಿ ಇರ್ಲಿ, ಆರಾಮ ಆಗೂತನಾ ಇಲ್ಲೇ ಇರ್ರಿ" ಎಂದು ಗಂಟು ಇಟ್ಟು ಹೋದರು.

ಅವರು ಬದು ದಾಟುವುದೇ ತಡ, ಅಪ್ಪ ಎದ್ದು ತಟ್ಟಿನ ಹಗ್ಗ ಬಿಚ್ಚಿದ. "ಹೇರು."

"ಅವ್ವಗ ಜ್ವರ ಐತಿ. ಗೌಡ್ರ ಇರ್ರಿ ಅಂದಾರಲ್ಲ."

"ಅವರು ಅಂದಾರ. ನಾ ಯಾವ ಮಾರಿ ಇಟ್ಕೊಂಡು ಇರ್ಲಿ?" ಆಮೇಲೆ ಅವ್ವನ ಕಡೆ ತಿರುಗಿ ಕೇಳಿದ, "ನಿನಗ ಗೊತ್ತಿತ್ತೇನು?"

ಅವ್ವ ನೆಲ ನೋಡುತ್ತ ಅಂದಳು, "ಜ್ವರದಾಗ ನನಗೇನ ತಿಳೀತೈತಿ?"

ಅಪ್ಪ ತಲೆಯಾಡಿಸಿದ. ಅವ್ವ ಒಂದು ಮಾತು ಹೇಳಿದರೆ ಅವನು ಮತ್ತೆ ಕೆದಕಿ ಕೇಳಿದವನಲ್ಲ. ಗೌಡರ ರೊಟ್ಟಿಯನ್ನು ಮಾತ್ರ ಬಿಡಲಿಲ್ಲ, ಬಿಡುವಷ್ಟು ಶ್ರೀಮಂತರು ನಾವಾಗಿರಲಿಲ್ಲ.

ಬಬಲೇಶ್ವರದ ದಾರಿ ಹಿಡಿದೆವು. ಕಾಖಂಡಕಿಯಲ್ಲಿ ಅವ್ವನ ತಮ್ಮನ ಮನೆ ಇತ್ತು, ಅಲ್ಲಿಗೆ ಆಕೆಯನ್ನು ಮುಟ್ಟಿಸಬೇಕು. ಕುರಿ ಕಟ್ಟಿಕೊಂಡು ಹೋಗುವುದೆಂದರೆ ದಿನಗಟ್ಟಲೆ ನಡಿಗೆ. ತಟ್ಟಿನ ಮೇಲಿನ ಸಾಮಾನು ಅರ್ಧ ನಾನು ಹೊತ್ತೆ, ಅವ್ವನನ್ನು ಕೂರಿಸಿದೆ. ಸ್ವಲ್ಪ ದೂರ ಕೂತಳು, ತಲೆ ತಿರುಗುತ್ತದೆ ಎಂದು ಇಳಿದಳು, ತಟ್ಟಿನ ಬಾಲ ಹಿಡಿದುಕೊಂಡು ನಡೆದಳು. ಮೊದಲ ರಾತ್ರಿ ಹಳ್ಳದ ದಂಡೆಯಲ್ಲಿ. ಯಾರ ಹೊಲವೂ ಅಲ್ಲ, ಆದ್ದರಿಂದ ಯಾರ ಕಟ್ಟಿಗೆಯೂ ಇಲ್ಲ. ಅಂದು ಬಿದ್ದ ಹಿಕ್ಕೆ ಇನ್ನೂ ಹಸಿ. ಕುರಿ ಎಬ್ಬಿಸಿ ಎಬ್ಬಿಸಿ ಆಕೆಯನ್ನು ಮಲಗಿಸಿದೆ. ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದ.

ಎರಡನೆಯ ಸಂಜೆ ಬಬಲೇಶ್ವರದ ಕರಿ ಎರಿ ಮಣ್ಣಿನ ಹೊಲಗಳ ಅಂಚಿಗೆ ಬಂದಾಗ ಅವ್ವ ದಾರಿಯಲ್ಲೇ ಕೂತುಬಿಟ್ಟಳು. ಅಪ್ಪ ಕುರಿಯ ಸಂಗಡ ಬಹಳ ಮುಂದೆ ಹೋಗಿದ್ದ. ನಾನು ತಟ್ಟು ನಿಲ್ಲಿಸಿ ಪಕ್ಕದಲ್ಲಿ ಕೂತೆ. ಆಕೆಯ ಕೈ ಹಿಡಿದೆ, ಬೆರಳು ಕೊರಡಾಗಿದ್ದವು. ನನಗೆ ತಡೆಯಲಾಗಲಿಲ್ಲ.

"ಯವ್ವಾ, ನನ್ನಿಂದ ಹಿಂಗಾತು. ಅಲ್ಲೇ ಇದ್ದಿದ್ರ ಗೌಡ್ರು ಹಾಸಾಕ ಹೊದಿಯಾಕ ಕೊಡ್ತಿದ್ರು. ನಿನಗೂ ಸುಳ್ಳ ಹೇಳಿದೆ, ತೊಗರಿ ಕಟಗಿ ಅಂತ."

ಅವ್ವ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು.

"ಹುಟ್ಟಿದಾಗಿಂದ ಕುರಿ ನಡುವ ಬಿದ್ದಾಕಿ ನಾ. ಹಿಕ್ಕಿ ಹೊಗಿ ವಾಸನಿ ನನಗ ತಿಳೀಲಿಲ್ಲಂತ ತಿಳದೀ ಏನು?" ಎಂದಳು. "ಮೈ ಇಡೂದಕ್ಕ ತಿಳೀತು. ಏಳಬೇಕಂದೆ. ಬೆನ್ನಿಗೆ ಕಾವು ಹತ್ತಿತ್ತೋ ಯಪ್ಪಾ. ಏಳಾಕ ಮನಸಾಗಲಿಲ್ಲ." ಮತ್ತೆ ಅಂದಳು, "ನಿಮ್ಮಪ್ಪಗ ಹೇಳಬ್ಯಾಡ."

ಕಾಖಂಡಕಿಗೆ ಮುಟ್ಟಿಸಿದೆವು. ಸೋದರಮಾವನ ಮನೆಯಲ್ಲಿ ಮಲಗಲು ಹೊರಸಿತ್ತು, ಹೊದೆಯಲು ಕೌದಿ ಇದ್ದವು, ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟರು. ತಡವಾಗಿತ್ತು. ಹನ್ನೊಂದು ದಿನ ಇದ್ದಳು.

ಮಣ್ಣು ಮಾಡಿ ಬಂದ ಮಧ್ಯಾಹ್ನ ಬೀಗರು ನೆಂಟರು ಕಟ್ಟೆಯ ಮೇಲೆ ಕೂತಿದ್ದರು. ಯಾರೋ ಅವ್ವನ ಗುಣದ ಮಾತು ಎತ್ತಿದರು. ಎಷ್ಟೋ ದಿನದಿಂದ ಬಾಯಿ ಬಿಡದ ಅಪ್ಪ ಅಂದು ಮಾತಾಡಿದ. ನನ್ನ ಕಡೆ ಬೊಟ್ಟು ಮಾಡಿ, ತಿಕೋಟಾದ ಹೊಲದ ಕತೆಯನ್ನು ಎಲ್ಲರಿಗೂ ಹೇಳಿದ. ಕೊನೆಗೆ ಎದೆ ತಟ್ಟಿಕೊಂಡು ಅಂದ, "ಆಕೀಗಿ ತಿಳಿದಿದ್ರ ಆ ಕೆಂಡಕ್ಕ ನೀರ ಸುರುವಿ ಬರೇ ನೆಲದ ಮ್ಯಾಲ ಮಕ್ಕೋತಿದ್ದಳು. ಅಂಥಾಕಿ ಇದ್ದಳ್ರಿ ಆಕಿ."

ಎಲ್ಲರೂ ಹೌದು ಹೌದು ಎಂದರು. ಅಪ್ಪನ ಕಣ್ಣಲ್ಲಿ ನೀರು. ಇದೇ ಮಾತನ್ನು ಅವನು ಸಾಯುವವರೆಗೂ ಹೇಳಿದ, ನಾನು ಪ್ರತಿ ಸಲವೂ ತಲೆ ತಗ್ಗಿಸಿ ಕೇಳಿದೆ. ಹೇಳಬೇಡ ಎಂದಿದ್ದ ಅವ್ವನ ಮಾತು ಮೀರಲಿಲ್ಲ. ಅವ್ವ ಅಂಥವಳೇ ಆಗಿದ್ದಳು, ಅದರಲ್ಲಿ ಸುಳ್ಳಿಲ್ಲ. ಅಂಥವಳು ಕೂಡ ತಿಳಿದೂ ತಿಳಿದೂ ಆ ನೆಲ ಬಿಟ್ಟು ಏಳದಷ್ಟು ಆಕೆಗೆ ಚಳಿಯಾಗಿತ್ತು. ಅದು ನನಗೊಬ್ಬನಿಗೇ ಗೊತ್ತು.